ಹಾಸ್ಟೆಲ್ ಗೋಡೆಯ ಅಪೀಲು

ಮೂಡುಬಿದಿರೆಯ ಗ್ರೀಷ್ಮಾ ಬಂಟ್ವಾಳದ ಸರಕಾರಿ ವಕೀಲರ ಕಚೇರಿಗೆ ಕಾನೂನು ಸಹಾಯಕಿಯಾಗಿ ಸೇರಿದ ಮೊದಲ ವಾರದಲ್ಲೇ ಅಪೀಲಿನ ಕೆಲಸವನ್ನು ಕೇಳಿ ಪಡೆದಿದ್ದಳು. ಕೆಳಗಿನ ಕೋರ್ಟಿನಲ್ಲಿ ಸರಕಾರ ಸೋತ ಮೊಕದ್ದಮೆ ಮೇಲಿನ ಕೋರ್ಟಿಗೆ ಹೋಗುವಾಗ ಹಳೆಯ ಕಡತಗಳನ್ನೆಲ್ಲ ಓದಿ, ಯಾವ ಸಾಕ್ಷಿ ಏನು ಹೇಳಿದ, ನ್ಯಾಯಾಧೀಶರು ಯಾವುದನ್ನು ನಂಬಿದರು, ಯಾವುದನ್ನು ನಂಬಲಿಲ್ಲ ಎಂದು ವಕೀಲರಿಗೆ ಟಿಪ್ಪಣಿ ಮಾಡಿಕೊಡುವುದು ಅವಳ ಕೆಲಸ. ಕಚೇರಿಯ ಉಳಿದವರಿಗೆ ಅದು ಬೇಸರ. ಗ್ರೀಷ್ಮಾಗೆ ಮಾತ್ರ, ಜಗಳವೊಂದು ತಣ್ಣಗಾದ ಮೇಲೆ ಇಬ್ಬರ ಮಾತನ್ನೂ ಕೂತು ಪೂರ್ತಿ ಕೇಳಿದ ಹಾಗೆ ಅನಿಸುತ್ತಿತ್ತು. ಓದದೆ ಅವಳು ಮಾತಾಡುತ್ತಿರಲಿಲ್ಲ. ಓದಿದ ಮೇಲೆ ಹಿಂಜರಿಯುತ್ತಲೂ ಇರಲಿಲ್ಲ. ಸರಕಾರಿ ವಕೀಲ ಧರ್ಣಪ್ಪನವರಿಗೆ ಅವಳ ಆ ಸ್ವಭಾವವೇ ಹಿಡಿಸಿತ್ತು.

ಆ ಮಳೆಗಾಲ ಅವಳ ಮೇಜಿಗೆ ಬಂದದ್ದು ಪುಂಜಾಲಕಟ್ಟೆ ಕಡೆಯ ಒಂದು ದಾರಿಯ ತಕರಾರು. ಇಲಾಖೆಯೊಂದು ಅಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ನಡೆಸುತ್ತಿತ್ತು. ಹಾಸ್ಟೆಲಿನ ಹಿಂದಿನ ಮನೆ ಸೇಸಮ್ಮ ಎಂಬ ವಿಧವೆಯದ್ದು. ಹಾಸ್ಟೆಲ್ ಬರುವ ಮೊದಲಿನಿಂದಲೂ ಅವರು ಆ ಜಾಗದ ನಡುವೆ ಹಾದು ರಸ್ತೆಗೆ ಬರುತ್ತಿದ್ದರು. ಇಲಾಖೆ ಸುತ್ತ ಕಲ್ಲಿನ ಗೋಡೆ ಕಟ್ಟಿದಾಗ ದಾರಿ ಮುಚ್ಚಿತು. ಸೇಸಮ್ಮ ದಾವೆ ಹೂಡಿ ಗೆದ್ದರು. ಗೋಡೆ ಒಡೆದು ದಾರಿ ಬಿಡಬೇಕೆಂದು ತೀರ್ಪಾಯಿತು. ಇಲಾಖೆ ಅಪೀಲು ಹಾಕಿ ತಡೆಯಾಜ್ಞೆ ತಂದಿತು. ಹಾಗಾಗಿ ಗೋಡೆ ಇದ್ದಲ್ಲೇ ಇತ್ತು.

ಅಪೀಲಿನ ಮುಖ್ಯ ಆಧಾರ ಒಂದೇ: ಸೇಸಮ್ಮನ ಮನೆಗೆ ಹಿಂದುಗಡೆಯಿಂದ, ತೋಡು ಎಂಬ ಸಣ್ಣ ಹಳ್ಳ ದಾಟಿ, ಬೇರೆ ದಾರಿ ಉಂಟು. ಸಾಕ್ಷ್ಯಕ್ಕೆ ಕೊಟ್ಟ ಫೋಟೋದಲ್ಲಿ ತೋಡು ಒಣಗಿ ಬಿಳಿ ಮರಳು ಕಾಣುತ್ತಿತ್ತು.

"ಇದು ಬೇಸಿಗೆಯಲ್ಲಿ ತೆಗೆದ ಫೋಟೋ ಸರ್," ಎಂದಳು ಗ್ರೀಷ್ಮಾ. "ಮಳೆಗಾಲದಲ್ಲಿ ಎಂತ ಅಂತ ನಮ್ಮ ಸಾಕ್ಷಿಯ ಹತ್ರ ಯಾರೂ ಕೇಳಲಿಲ್ಲ. ಮೇಲಿನ ಕೋರ್ಟಿನಲ್ಲಿ ಕೇಳಿದ್ರೆ ನಮ್ಮ ಹತ್ರ ಉತ್ತರ ಇಲ್ಲ. ನಾನೊಮ್ಮೆ ಹೋಗಿ ನೋಡ್ತೇನೆ."

ಧರ್ಣಪ್ಪ ಕನ್ನಡಕ ತೆಗೆದರು. "ಹೋಗಿ. ಆದರೆ ಆ ಅಮ್ಮನ ಹತ್ರ ಕೇಸಿನ ಮಾತು ಬೇಡ. ಅವರಿಗೆ ವಕೀಲರುಂಟು."

"ಗೊತ್ತುಂಟು ಸರ್."

ಶನಿವಾರ ಬೆಳಿಗ್ಗೆ ಅವಳು ಬಸ್ಸಿಳಿದು, ಹಾಸ್ಟೆಲನ್ನು ಬಳಸಿ, ಗದ್ದೆಯ ಬದುವಿನಲ್ಲಿ ನಡೆದು ತೋಡಿನ ಹತ್ತಿರ ಬಂದಳು. ಹಿಂದಿನ ದಿನವೆಲ್ಲ ಮಳೆ ಹೊಡೆದಿತ್ತು. ಫೋಟೋದಲ್ಲಿ ಮರಳು ಇದ್ದ ಜಾಗದಲ್ಲಿ ಕೆಂಪು ನೀರು ದಡ ತುಂಬಿ ಹರಿಯುತ್ತಿತ್ತು. ಮೇಲೆ ಒಂದು ಸಂಕ. ಎರಡು ಅಡಿಕೆ ಮರಗಳನ್ನು ಜೋಡಿಸಿ ಕಟ್ಟಿದ್ದು, ಹಿಡಿದುಕೊಳ್ಳಲು ಒಂದು ಹಗ್ಗ. ಇಷ್ಟು ನೋಡಿದರೆ ಸಾಕಿತ್ತು. ಆದರೆ ದಾಟಲು ಆಗುತ್ತದೋ ಇಲ್ಲವೋ ಎಂದು ಬರೆಯಬೇಕಾದವಳು ತಾನೇ ಎಂದುಕೊಂಡು ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಸಂಕಕ್ಕೆ ಕಾಲಿಟ್ಟಳು.

ನಡುವಿಗೆ ಬರುವಷ್ಟರಲ್ಲಿ ಪಾಚಿಯ ಮೇಲೆ ಕಾಲು ಜಾರಿತು. ಹಗ್ಗ ಕೈಗೆ ಸಿಕ್ಕಿದ ಹಾಗೆ ಆಗಿ ತಪ್ಪಿತು. ನೀರು ಎದೆಮಟ್ಟ ಇತ್ತು, ಆದರೆ ನಿಲ್ಲಲು ಬಿಡಲಿಲ್ಲ. ಕೊಚ್ಚಿಕೊಂಡು ಹೋಗಿ ಅವಳು ಕೇದಗೆಯ ಪೊದೆಯೊಂದಕ್ಕೆ ಸಿಕ್ಕಿ ಅದರ ಬೇರು ಹಿಡಿದಳು. ಕೂಗಿದಳು. ಬಾಯೊಳಗೆ ಕೆಸರು ನೀರು ಹೋಯಿತು. ಮತ್ತೆ ಕೂಗಿದಳು.

ಆಚೆ ದಡದಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬರು ತಲೆ ಎತ್ತಿದರು. ಕತ್ತಿ ಬಿಸಾಡಿ ಮನೆಯ ಕಡೆ ಓಡಿದರು. ಬಿಟ್ಟು ಹೋದರೆಂದೇ ಗ್ರೀಷ್ಮಾ ಎಣಿಸಿದಳು. ಅವರು ಹಲಸಿನಕಾಯಿ ಕೀಳುವ ಉದ್ದದ ಕೊಕ್ಕೆ ಹಿಡಿದು ವಾಪಸು ಬಂದು, ಒಂದು ತೆಂಗಿನ ಮರಕ್ಕೆ ಬೆನ್ನು ಕೊಟ್ಟು ಕುಳಿತು, ಅದನ್ನು ಅವಳ ಕಡೆ ಚಾಚಿದರು.

"ಎರಡೂ ಕೈಯಲ್ಲಿ ಹಿಡಿ! ನೀರು ನೋಡ್ಬೇಡ, ನನ್ನನ್ನು ನೋಡು!"

ದಡ ಸೇರಿದ ಮೇಲೂ ಗ್ರೀಷ್ಮಾಳ ಕೈಗಳು ಕೊಕ್ಕೆಯನ್ನು ಬಿಡಲೊಲ್ಲದಾದವು. ಆ ಹೆಂಗಸೇ ಬೆರಳು ಬಿಡಿಸಿದರು. ಮನೆಗೆ ಕರೆದುಕೊಂಡು ಹೋಗಿ ಒಣ ಸೀರೆ ಕೊಟ್ಟು, ಒಲೆಯ ಪಕ್ಕ ಕೂರಿಸಿ, ಚಾ ಇಟ್ಟರು.

"ಯಾರ ಮಗಳು ನೀನು? ಇಲ್ಲಿ ಎಂತ ಕೆಲಸ?"

ಇವರೇ ಸೇಸಮ್ಮ ಎಂದು ಗ್ರೀಷ್ಮಾಗೆ ಆಗಲೇ ತಿಳಿದಿತ್ತು. ಮುಚ್ಚಿಡುವ ಯೋಚನೆ ಅವಳಿಗೆ ಬರಲಿಲ್ಲ. "ನಾನು ಸರಕಾರಿ ವಕೀಲರ ಕಚೇರಿಯವಳು ಅಮ್ಮ. ನಿಮ್ಮ ಕೇಸಿನಲ್ಲಿ ಎದುರು ಕಡೆ."

ಸೇಸಮ್ಮ ಕೈಯಲ್ಲಿದ್ದ ಲೋಟವನ್ನು ಅವಳ ಮುಂದೆ ಇಟ್ಟರು. "ಕುಡಿ. ಜ್ವರ ಬಂದ್ರೆ ಅದಕ್ಕೂ ನನ್ನ ಮೇಲೆ ಒಂದು ಕೇಸು ಹಾಕಿಯಾರು ನಿಮ್ಮವರು." ಒಲೆಯ ಕಟ್ಟಿಗೆಯನ್ನು ಮುಂದಕ್ಕೆ ತಳ್ಳುತ್ತಾ, "ನೋಡು ಮಗಳೇ, ಆ ಗೋಡೆ—" ಎಂದು ಶುರುಮಾಡಿದರು.

"ಬೇಡಮ್ಮ. ಕೇಸಿನ ವಿಷಯ ನನ್ನ ಹತ್ರ ಹೇಳ್ಬೇಡಿ. ನಾನು ಕೇಳಲಿಕ್ಕೂ ಇಲ್ಲ. ನಿಮ್ಮ ವಕೀಲರ ಹತ್ರ ಹೇಳಿ."

"ಹೇಳ್ಲಿಕ್ಕೆ ಎಂತ ಉಂಟು ಇನ್ನು? ನೀನೇ ನೋಡಿದ್ಯಲ್ಲ."

ಸಂಜೆ ನೀರು ಇಳಿದ ಮೇಲೆ ಸೇಸಮ್ಮನೇ ಅವಳನ್ನು ಕೈಹಿಡಿದು ಸಂಕ ದಾಟಿಸಿದರು. ಸೋಮವಾರ ಗ್ರೀಷ್ಮಾ ಒಂದನ್ನೂ ಬಿಡದೆ ಧರ್ಣಪ್ಪನವರಿಗೆ ಹೇಳಿದಳು. ಅವರು ಮೊದಲು ಅವಳಿಗೆ ಪೆಟ್ಟಾಗಿದೆಯೇ ಎಂದು ಕೇಳಿದರು. ಆಮೇಲೆ ಅಪೀಲಿನ ಫೈಲು ಬಿಡಿಸಿದರು.

"ಆ ಆಧಾರ ಬಿಟ್ಟು ಉಳಿದದ್ದರ ಮೇಲೆ ವಾದ ಮಾಡಿದ್ರೆ?"

"ಉಳಿದದ್ದೆಲ್ಲ ಅದರ ಮೇಲೆಯೇ ನಿಂತದ್ದು ಸರ್. ಮತ್ತೆ, ಸೇಸಮ್ಮನ ವಕೀಲೆ ಹಫ್ಸ ಮೇಡಂಗೆ ಈ ವಿಷಯ ನಾವೇ ಹೇಳುವ. ನಾನು ಅವರ ಕಕ್ಷಿದಾರರ ಮನೆಯಲ್ಲಿ ಚಾ ಕುಡಿದು ಬಂದಿದ್ದೇನೆ. ಹಿಂದಿನಿಂದ ಗೊತ್ತಾಗುವುದು ಸರಿಯಲ್ಲ."

ಧರ್ಣಪ್ಪ ತಲೆಯಾಡಿಸಿದರು. "ಅದು ಸರಿ. ನಾನೂ ಜೊತೆಗೆ ಬರ್ತೇನೆ."

ಹಫ್ಸ ಚುರುಕಿನ ಹೆಂಗಸು. ಕೋರ್ಟಿನ ವರಾಂಡದಲ್ಲಿ ನಿಂತೇ ಎಲ್ಲವನ್ನೂ ಕೇಳಿಸಿಕೊಂಡರು. "ದಾರಿಯನ್ನು ನೋಡಿ ಬರಲು ಕೋರ್ಟಿನ ಕಡೆಯಿಂದ ಒಬ್ಬ ಕಮಿಷನರನ್ನು ನೇಮಿಸಿ ಅಂತ ನಾನು ಅರ್ಜಿ ಹಾಕ್ತೇನೆ. ನಿಮ್ಮನ್ನೂ ಸಾಕ್ಷಿಗೆ ಕರೀಬಹುದು, ಗ್ರೀಷ್ಮಾ. ಬರ್ತೀರಾ?"

"ಕೋರ್ಟು ಕರೆದ್ರೆ ಬರ್ತೇನೆ."

"ನಿಮ್ಮದು ಗುತ್ತಿಗೆಯ ಕೆಲಸ ಅಲ್ವಾ? ಇಲಾಖೆಯವರು ಸುಮ್ಮನಿರ್ತಾರಾ?"

"ಅದು ನನಗೆ ಬಿಡಿ ಮೇಡಂ. ಬಿದ್ದದ್ದನ್ನು ಬೀಳಲಿಲ್ಲ ಅಂತ ಹೇಳ್ಲಿಕ್ಕೆ ನನಗೆ ಬರುವುದಿಲ್ಲ."



ಹಫ್ಸರ ಅನುಮಾನ ಸುಳ್ಳಾಗಲಿಲ್ಲ. ಇಲಾಖೆಯ ಅಧಿಕಾರಿ ಅಶೋಕ್ ಎರಡೇ ದಿನಕ್ಕೆ ಕಚೇರಿಗೆ ಬಂದರು. ಧರ್ಣಪ್ಪ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನೀವು ನಮ್ಮ ಪರವಾ, ಅವರ ಪರವಾ? ಆ ಗೋಡೆ ಯಾಕೆ ಕಟ್ಟಿದ್ದು ಅಂತ ಯಾರಿಗಾದ್ರೂ ಗೊತ್ತುಂಟಾ? ದಾರಿ ಉಂಟು ಅಂತ ಹೇಳಿಕೊಂಡು ಕುಡುಕರು ಸಂಜೆ ಅಂಗಳಕ್ಕೆ ಬರ್ತಿದ್ರು. ಒಬ್ಬ ಸ್ನಾನದ ಮನೆಯ ಕಿಟಕಿ ಹತ್ರ ನಿಂತಿದ್ದ. ಮಕ್ಕಳು ಮನೆಗೆ ಹೋಗ್ತೇವೆ ಅಂತ ಅತ್ತಿದ್ದಾರೆ. ಅವರಿಗೆ ಎಂತ ಹೇಳಲಿ ನಾನು?"

ಕಿಟಕಿಯ ಮಾತು ಫೈಲಿನಲ್ಲಿ ಎಲ್ಲಿಯೂ ಇರಲಿಲ್ಲ. ಮಕ್ಕಳ ಹೆಸರು ಕೋರ್ಟಿಗೆ ಬರುವುದು ಬೇಡವೆಂದು ವಾರ್ಡನ್ ತಡೆದಿದ್ದರಂತೆ. ಗ್ರೀಷ್ಮಾಗೆ ಅಶೋಕರ ಸಿಟ್ಟು ಅರ್ಥವಾಯಿತು. ಅವಳೇ ಎದ್ದು ಅವರಿಗೆ ನೀರು ತಂದುಕೊಟ್ಟಳು. ಈ ಸಲ ಅವರು ಕುಳಿತರು.

"ಗೋಡೆ ಬೇಡ ಅಂತ ನಾನು ಹೇಳುವುದಿಲ್ಲ ಸರ್. ಗೋಡೆ ಇರ್ಲೇಬೇಕು. ಆದರೆ ಈಗ ಅದು ಗಡಿಯ ಅಂಚಿನಲ್ಲೇ ಉಂಟು. ಪೂರ್ವದ ಬದಿಯಲ್ಲಿ ಮಾತ್ರ ಒಂದು ಆಟೋ ಹೋಗುವಷ್ಟು ಒಳಗೆ ಸರಿಸಿ ಕಟ್ಟುವ. ದಾರಿ ಗೋಡೆಯ ಹೊರಗೆ ಹೋಗ್ತದೆ. ಅಂಗಳಕ್ಕೆ ಯಾರೂ ಬರುವುದಿಲ್ಲ." ಬಿಳಿ ಹಾಳೆಯೊಂದರಲ್ಲಿ ಅವಳು ಗೆರೆ ಎಳೆದು ತೋರಿಸಿದಳು. "ತೀರ್ಪಿನ ಪ್ರಕಾರವೇ ಹೋದ್ರೆ ದಾರಿ ಅಂಗಳದ ನಡುವೆಯೇ ಬರ್ತದೆ. ಅಪೀಲು ಸೋತ್ರೆ ನಿಮ್ಮ ಮಕ್ಕಳಿಗೆ ಅದೇ ಗತಿ. ಈಗ ರಾಜಿಯಾದ್ರೆ ಇಬ್ಬರಿಗೂ ಒಳ್ಳೆಯದು."

ಅಶೋಕ್ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಕಟ್ಟಿದ ಗೋಡೆ ಯಾಕೆ ಒಡೆಯುವುದು ಅಂತ ಮೇಲಿನವರು ಕೇಳಿದ್ರೆ?"

"ನಾನು ಬಿದ್ದದ್ದನ್ನು ಹೇಳಿ. ಸರಕಾರ ತೋರಿಸಿದ ದಾರಿಯಲ್ಲಿ ಸರಕಾರದವಳೇ ಕೊಚ್ಚಿಕೊಂಡು ಹೋಗ್ತಿದ್ಳು ಅಂತ ಬರೆಯಿರಿ. ನಾನು ಸಹಿ ಹಾಕ್ತೇನೆ."

ಧರ್ಣಪ್ಪನವರಿಗೆ ನಗು ತಡೆಯಲಾಗಲಿಲ್ಲ. ಅಶೋಕರೂ ಕೊನೆಗೆ ಸಣ್ಣಗೆ ನಕ್ಕರು. ಧರ್ಣಪ್ಪ ಅದೇ ಸಂಜೆ ರಾಜಿಗೆ ಶಿಫಾರಸು ಮಾಡಿ ಅಭಿಪ್ರಾಯ ಬರೆದರು. ಇಲಾಖೆಯ ಒಪ್ಪಿಗೆ ಬರುವಷ್ಟರಲ್ಲಿ ಮಳೆಗಾಲ ಮುಗಿಯಿತು.

ರಾಜಿಯ ಮಾತುಕತೆಗೆ ಎಲ್ಲರೂ ಸೇರಿದಾಗ ಬಿಗಿಹಿಡಿದವರು ಸೇಸಮ್ಮ. "ನಾನು ಗೆದ್ದದ್ದು ನೇರ ದಾರಿ. ಈಗ ಸುತ್ತು ಬಳಸಿ ಯಾಕೆ ಹೋಗ್ಬೇಕು?"

ಹಫ್ಸ ಅವರನ್ನು ಬದಿಗೆ ಕರೆದು ಬಹಳ ಹೊತ್ತು ಮಾತಾಡಿದರು. ಕಿಟಕಿಯ ಸಂಗತಿಯನ್ನೂ ಅಶೋಕರ ಒಪ್ಪಿಗೆ ಪಡೆದು ಹೇಳಿದರು. ವಾಪಸು ಬಂದ ಸೇಸಮ್ಮನ ಮುಖ ಬೇರೆಯಾಗಿತ್ತು.

"ಇದು ನನಗೆ ಯಾರೂ ಹೇಳಲಿಲ್ಲ," ಎಂದರು ಅಶೋಕರಿಗೆ. "ಹೇಳಿದ್ರೆ ಆ ಕುಡುಕರನ್ನು ನಾನೇ ಕೊಕ್ಕೆಯಲ್ಲಿ ಓಡಿಸ್ತಿದ್ದೆ ಮಾರಾಯ್ರೆ. ಆಯ್ತು, ಸುತ್ತಿನ ದಾರಿ ಆಗ್ಬಹುದು. ಆದರೆ ಗೇಟು ಇರ್ಬಾರ್ದು. ಗೇಟು ಇದ್ರೆ ಬೀಗ ಬರ್ತದೆ, ಬೀಗ ಬಂದ್ರೆ ನಾನು ಯಾರ ಹತ್ರವೋ ಕೇಳ್ಬೇಕು. ಮತ್ತೆ ಒಂದು ಲೈಟ್ ಹಾಕಿ. ನನಗೂ ಕಾಣ್ತದೆ, ನಿಮ್ಮ ವಾರ್ಡನಿಗೂ ಕಾಣ್ತದೆ."

ಅಶೋಕ್ ಒಪ್ಪಿದರು. ಗೇಟು ಇರಕೂಡದು, ದೀಪ ಇರಬೇಕು ಎಂಬುದನ್ನು ಗ್ರೀಷ್ಮಾ ಯಾವ ಸಂದೇಹಕ್ಕೂ ಎಡೆಯಿಲ್ಲದ ಹಾಗೆ ರಾಜಿ ಅರ್ಜಿಯಲ್ಲಿ ಬರೆದಳು. ನ್ಯಾಯಾಧೀಶರು ಸೇಸಮ್ಮನನ್ನು ಕರೆದು, ಯಾರಾದರೂ ಒತ್ತಾಯ ಮಾಡಿದ್ದಾರೆಯೇ ಎಂದು ಕೇಳಿದರು.

"ನನಗೆ ಒತ್ತಾಯ ಮಾಡುವವರು ಇನ್ನು ಹುಟ್ಟಬೇಕಷ್ಟೇ ಸ್ವಾಮೀ," ಎಂದರು ಸೇಸಮ್ಮ. ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ಅಪೀಲು ರಾಜಿಯಲ್ಲಿ ಮುಗಿಯಿತು.

ಫೆಬ್ರವರಿಯಲ್ಲಿ ಕೆಲಸ ಪೂರ್ತಿಯಾದ ಬಗ್ಗೆ ವರದಿ ಕೊಡಲು ಗ್ರೀಷ್ಮಾ ಮತ್ತೆ ಪುಂಜಾಲಕಟ್ಟೆಗೆ ಹೋದಳು. ಹೊಸ ಗೋಡೆಯ ಆಚೆ ಹಾಸ್ಟೆಲಿನ ಮಕ್ಕಳು ಥ್ರೋಬಾಲ್ ಆಡುತ್ತಿದ್ದ ಗಲಾಟೆ ಕೇಳುತ್ತಿತ್ತು. ಈಚೆ ಕೆಂಪು ಮಣ್ಣಿನ ದಾರಿ, ಅದರ ತುದಿಯಲ್ಲಿ ಒಂದು ದೀಪದ ಕಂಬ. ಸೇಸಮ್ಮ ಕೈಯಲ್ಲಿ ಹಾಲಿನ ಕ್ಯಾನ್ ಹಿಡಿದು ಎದುರಿಗೆ ಬಿರಬಿರನೆ ಬಂದರು.

"ಡೈರಿಯವರು ಬಾಗಿಲು ಹಾಕ್ತಾರೆ ಮಗಳೇ. ನೀನು ಮನೆಯಲ್ಲಿ ಕೂತಿರು, ಬಾಗಿಲು ತೆಗೆದೇ ಉಂಟು. ಬಂದು ಮಾತಾಡುವ."

ಗ್ರೀಷ್ಮಾ ದಾರಿಯ ಅಗಲವನ್ನು ಅಳೆದು ಬರೆದುಕೊಂಡಳು. ಕೇಸು ಮುಗಿದಿತ್ತು, ಇನ್ನು ಮಾತಾಡಲು ಅಡ್ಡಿ ಇರಲಿಲ್ಲ. ಟೇಪನ್ನು ಚೀಲಕ್ಕೆ ಹಾಕಿ ಅವಳು ಆ ಮನೆಯ ಕಡೆ ನಡೆದಳು.