ಟೈರ್ ಕೋಣೆಯ ಪಕ್ಕದ ಬಾಗಿಲು

ನಮ್ಮ ಬಸ್ ಡಿಪೋದಲ್ಲಿ ಪುಕ್ಕಟೆಯಾಗಿ ಏನಾದರೂ ಕೊಟ್ಟರೆ ಮೊದಲು ತಿರುಗಿಸಿ ನೋಡುತ್ತೇವೆ, ಅಡಿಯಲ್ಲಿ ಏನು ಅಂಟಿಸಿದ್ದಾರೆ ಎಂದು. ಹಾಗಾಗಿ ಟೈರ್ ಕೋಣೆಯ ಪಕ್ಕದ ಖಾಲಿ ಕೋಣೆಗೆ ಸುಣ್ಣ ಬಳಿದು, ಎರಡು ಕುರ್ಚಿ ಹಾಕಿ, ‘ಮನಸ್ಸಿನ ಆರೋಗ್ಯ ಕೇಂದ್ರ, ಪ್ರತಿ ಗುರುವಾರ’ ಎಂದು ಬೋರ್ಡು ನೇತುಹಾಕಿದ ದಿನ ಒಬ್ಬನೂ ಆ ಕಡೆ ಸುಳಿಯಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಸಾಲು ನಿಲ್ಲಲು ಡ್ರೈವರುಗಳಿಗೆ ರಜೆ ಸಿಗುವುದಿಲ್ಲ, ಅದಕ್ಕೇ ಆಸ್ಪತ್ರೆಯೇ ನಿಮ್ಮ ಬಳಿಗೆ ಬಂದಿದೆ ಎಂದು ಮ್ಯಾನೇಜರ್ ಭಾಷಣ ಬಿಗಿದರು. ಇಪ್ಪತ್ತೆರಡು ವರ್ಷದಲ್ಲಿ ಈ ಗೇಟಿನೊಳಗೆ ತಾವಾಗಿ ಬಂದದ್ದು ಬೀದಿನಾಯಿಗಳು ಮತ್ತು ತನಿಖೆಯವರು ಮಾತ್ರ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ನಾನು ಇಲ್ಲಿನ ಡ್ಯೂಟಿ ಗುಮಾಸ್ತ. ಕಿಟಕಿಯ ಹಿಂದೆ ಕುಳಿತು ಬಸ್ಸಿನ ಕೀ ಕೊಡುವುದು, ಯಾರು ಯಾವ ಬಸ್ಸನ್ನು ಎಷ್ಟು ಗಂಟೆಗೆ ತೆಗೆದರು, ಎಷ್ಟಕ್ಕೆ ತಂದರು ಎಂದು ಬರೆಯುವುದು ನನ್ನ ಕೆಲಸ. ಅನುಮಾನ ನನ್ನ ಹುಟ್ಟುಗುಣ. ಹೆಂಡತಿ ಹೇಳುವಂತೆ, ಹಾಲು ಬೆಳ್ಳಗಿದ್ದರೂ ಯಾಕೆ ಬೆಳ್ಳಗಿದೆ ಎಂದು ಕೇಳುವ ಜಾತಿ ನನ್ನದು.

ಕೋಣೆಗೆ ಬಂದವರು ನಡುವಯಸ್ಸಿನ ಹೆಂಗಸು. ಸೂಜಿಯಿಲ್ಲ, ಮಾತ್ರೆಯಿಲ್ಲ, ಸುಮ್ಮನೆ ಕೇಳಿಸಿಕೊಳ್ಳುತ್ತಾರಂತೆ. ನಮ್ಮಲ್ಲಿ ‘ಹಾರ್ನ್’ ಎಂದೇ ಹೆಸರಾದ ಬಾಯಿಬಡುಕ ಡ್ರೈವರ್ ಒಬ್ಬನಿದ್ದಾನೆ. ಅವನು ಮೊದಲ ದಿನವೇ ಅವರಿಗೆ ‘ಕಿವಿ ಡಾಕ್ಟ್ರು’ ಎಂದು ಹೆಸರಿಟ್ಟ.

“ಕೇಳಿಸ್ಕೊಂಡಿದ್ದೆಲ್ಲಾ ಎಲ್ಲಿಗೆ ಹೋಗುತ್ತೆ ಹೇಳ್ರಪ್ಪಾ? ಸೀದಾ ಮ್ಯಾನೇಜರ್ ಕಿವಿಗೆ! ಒಳಗೆ ಹೋದೋನು ಮಾರನೇ ದಿನ ನೆರಳಿಗೆ!” ಎಂದು ಕ್ಯಾಂಟೀನಿನಲ್ಲಿ ಕೂಗಿದ.

ಯಾರೂ ನಗಲಿಲ್ಲ. ‘ನೆರಳು’ ಎಂದರೆ ನಮ್ಮಲ್ಲಿ ಬಸ್ಸು ತೊಳೆಯುವ ಶೆಡ್ಡು. ಡ್ರೈವರಿಗೆ ಕಣ್ಣು ಮಂಜಾಯಿತು, ಕೈ ನಡುಗಿತು, ತಲೆ ಸರಿಯಿಲ್ಲ ಎಂದು ಗೊತ್ತಾದರೆ ಅಲ್ಲಿಗೆ ಕಳಿಸುತ್ತಾರೆ. ನೆರಳಿಗೆ ಹೋದವನು ಮತ್ತೆ ಸ್ಟೀರಿಂಗ್ ಹಿಡಿದದ್ದನ್ನು ನಾನಂತೂ ಕಂಡಿಲ್ಲ.

ಎರಡನೇ ವಾರ ಮ್ಯಾನೇಜರ್ ನನ್ನನ್ನು ಕರೆದರು. “ನೋಡ್ರೀ, ಮೂರು ತಿಂಗಳಲ್ಲಿ ಹತ್ತು ಸಲವಾದ್ರೂ ಯಾರಾದ್ರೂ ಬರದಿದ್ರೆ ಆ ಕೋಣೆ ಮುಚ್ಚಿಬಿಡ್ತಾರೆ. ಆಯಮ್ಮ ಕೊಡೋ ಲೆಕ್ಕ ನಾನು ನಂಬಲ್ಲ, ಅವರ ಕೆಲಸ ಉಳೀಬೇಕಲ್ಲ. ನಿಮ್ಮ ಕಿಟಕಿಯಿಂದ ಆ ಬಾಗಿಲು ಕಾಣುತ್ತೆ. ಎಷ್ಟು ಜನ ಬಂದ್ರು ಅಂತ ಗುರುತು ಹಾಕಿಡಿ.”

ಅವರು ಕೇಳಿದ್ದು ಎಷ್ಟು ಜನ ಎಂದು. ಬೇರೆ ಯಾರಾದರೂ ಆಗಿದ್ದರೆ ಒಂದೊಂದು ಗೆರೆ ಎಳೆಯುತ್ತಿದ್ದರು. ಆದರೆ ಇಪ್ಪತ್ತೆರಡು ವರ್ಷ ಡಿಪೋದಲ್ಲಿ ಬರೆದ ಕೈ ನನ್ನದು, ಅದಕ್ಕೆ ಗೆರೆ ಎಳೆಯಲು ಬರುವುದಿಲ್ಲ. ಹೊಸ ಪುಸ್ತಕದಲ್ಲಿ ನಾಲ್ಕು ಮನೆ ಹಾಕಿಕೊಂಡೆ: ಹೆಸರು, ಬಸ್ಸಿನ ನಂಬರು, ಒಳಗೆ ಹೋದ ಸಮಯ, ಹೊರಗೆ ಬಂದ ಸಮಯ.

ಇದೇ ಹೊತ್ತಿಗೆ ಮನೆಯಲ್ಲಿ ಬೇರೊಂದು ಕಥೆ. ನನ್ನ ಭಾವಮೈದನೂ ಇದೇ ಡಿಪೋದ ಡ್ರೈವರು. ಎಂಟು ತಿಂಗಳ ಹಿಂದೆ ಸೇತುವೆಯ ತಿರುವಿನಲ್ಲಿ ಸೈಕಲ್ಲಿನ ಮುದುಕನೊಬ್ಬ ಜಾರಿ ಅವನ ಚಕ್ರದಡಿಗೆ ಬಿದ್ದು ಸತ್ತಿದ್ದ. ತಪ್ಪು ಇವನದಲ್ಲ ಎಂದು ತನಿಖೆಯವರೇ ಬರೆದುಕೊಟ್ಟಿದ್ದರು. ಆದರೂ ಹುಡುಗ ಸೊರಗುತ್ತಲೇ ಹೋದ. ಊಟಕ್ಕೆ ಕೂತರೆ ತಟ್ಟೆ ನೋಡುತ್ತಾನೆ, ಕೈ ಹಾಕುವುದಿಲ್ಲ.

“ರೀ, ಗುರುವಾರ ಗುರುವಾರ ಅವನು ಟ್ರಿಪ್ಪಿನ ಮಧ್ಯೆ ಒಂದು ಗಂಟೆ ಎಲ್ಲೋ ಮಾಯ ಆಗ್ತಾನಂತೆ. ಕುಡಿಯೋದು ಕಲ್ತಿದಾನೋ ಏನೋ. ಸ್ವಲ್ಪ ಕಣ್ಣಿಡ್ರೀ,” ಎಂದಳು ಹೆಂಡತಿ.

ಕಣ್ಣಿಡು ಎಂದು ನನಗೆ ಹೇಳುವುದು ಬೆಕ್ಕಿಗೆ ಹಾಲು ಕುಡಿಯಲು ಹೇಳಿದಂತೆ. ಕೀ ಕೊಡುವಾಗ ಬಗ್ಗಿ ಅವನ ಬಾಯಿ ಮೂಸಿದೆ. ಅಂಗಿಯ ಜೇಬಿನಲ್ಲಿ ಹೆಣ್ಣಿನ ಕೂದಲು ಇದೆಯೋ ಎಂದು ಹುಡುಕಿದೆ. ಏನೂ ಸಿಗದಿದ್ದಾಗ ಅನುಮಾನ ಇನ್ನೂ ಹೆಚ್ಚಾಯಿತು. ಏನೂ ಸಿಗದ ಹಾಗೆ ಮಾಡುವವನು ಪಳಗಿದ ಕಳ್ಳನೇ ಇರಬೇಕಲ್ಲ!

ಇಷ್ಟು ದಿನ ಕೀ ಕೊಡುವ ಗಡಿಬಿಡಿಯಲ್ಲಿ ನನ್ನ ಕಣ್ಣು ತಪ್ಪಿಸಿದ್ದವನು ಮುಂದಿನ ಗುರುವಾರ ತೊಳೆಯುವ ಶೆಡ್ಡಿನ ಹಿಂದಿನಿಂದ ಬಳಸಿ ಬಂದು, ಆಚೀಚೆ ನೋಡಿ, ಕಿವಿ ಡಾಕ್ಟರ ಬಾಗಿಲೊಳಗೆ ನುಸುಳಿದ. ಅಯ್ಯೋ, ಇಷ್ಟೇನಾ ಎಂದು ನನಗೆ ಅರ್ಥವಾಗುವ ಮೊದಲೇ ನನ್ನ ಕೈ ಹೆಸರು, ನಂಬರು, ಹನ್ನೊಂದೂ ಹತ್ತು ಎಂದು ಬರೆದು ಮುಗಿಸಿತ್ತು. ಹೆಂಡತಿಗೆ “ಕುಡಿತ ಅಲ್ಲ, ಸುಮ್ನಿರು” ಎಂದಷ್ಟೇ ಹೇಳಿದೆ. ಆಮೇಲೂ ಐದು ವಾರ ಬರೆದೆ. ಒಂದು ದಿನ ಅವನು ನಮ್ಮ ಮನೆಯಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಂಡ. ಹೆಂಡತಿ ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನ ಹಿಂದೆ ಇನ್ನೂ ನಾಲ್ಕು ಜನ ಕದ್ದುಮುಚ್ಚಿ ಹೋಗತೊಡಗಿದ್ದರು. ಅವರನ್ನೂ ಬರೆದೆ. ಒಟ್ಟು ಹದಿನಾಲ್ಕು ಸಲ.

ಮೂರು ತಿಂಗಳಾಯಿತು. ಪುಸ್ತಕ ತನ್ನಿ ಎಂದು ಮ್ಯಾನೇಜರ್ ಹೇಳಿಕಳಿಸಿದರು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೆ. ನೆರಳಿನಲ್ಲಿ ಹಿರಿಯ ಡ್ರೈವರೊಬ್ಬರು ಪೈಪು ಹಿಡಿದು ಬಸ್ಸು ತೊಳೆಯುತ್ತಿದ್ದರು. ಒಂದು ಕಾಲದಲ್ಲಿ ಮಂಜಿನಲ್ಲೂ ಘಟ್ಟ ಇಳಿಸುತ್ತಿದ್ದ ಕೈ ಅದು. ನಾಲ್ಕು ವರ್ಷದ ಹಿಂದೆ ಕಂಪನಿ ಡಾಕ್ಟರಲ್ಲಿ “ಯಾಕೋ ಭಯ ಆಗುತ್ತೆ ಸಾರ್” ಎಂದಿದ್ದರು, ಅಷ್ಟೇ ಅವರ ಅಪರಾಧ. ಅವರನ್ನು ನೋಡಿದ್ದೇ ನಡಿಗೆ ನಿಲ್ಲಿಸಿದೆ. ನನ್ನ ಕಂಕುಳಲ್ಲಿ ಐದು ಜನರ ಅನ್ನ ಇತ್ತು. ಅಲ್ಲೇ ಗೋಡೆಯ ಮರೆಗೆ ಹೋಗಿ ಹಾಳೆಗಳನ್ನು ಚೂರುಚೂರು ಮಾಡಿ ಮೋರಿಗೆ ಹಾಕಿದೆ.

“ಹದಿನಾಲ್ಕು ಸಲ ಸಾರ್,” ಎಂದೆ, ಬರಿಗೈಯಲ್ಲಿ ನಿಂತು.

“ಪುಸ್ತಕ ಎಲ್ರೀ?”

“ಗುರುತು ಹಾಕಿದ್ದ ಹಾಳೆ ಕಳೆದುಹೋಯ್ತು.”

“ನೀವು? ಹಾಳೆ ಕಳೆದ್ರಾ?” ಅವರು ಕನ್ನಡಕ ತೆಗೆದರು. “ನಾನಂತೂ ಒಬ್ಬನೂ ಹೋಗಿದ್ದು ನೋಡಿಲ್ಲ. ಆಯಮ್ಮನ ಜೊತೆ ಸೇರ್ಕೊಂಡ್ರಾ? ಯಾರ್ಯಾರು ಹೋದ್ರು, ಹೆಸರು ಹೇಳಿ. ಇಲ್ಲಾಂದ್ರೆ ಸೊನ್ನೆ ಅಂತ ಬರೆದು ಕಳಿಸ್ತೀನಿ.”

ಅತ್ತ ದರಿ, ಇತ್ತ ಪುಲಿ. ಹೆಸರು ಹೇಳಿದರೆ ಹುಡುಗ ನೆರಳಿಗೆ, ಹೇಳದಿದ್ದರೆ ಕೋಣೆಗೆ ಬೀಗ.

“ನಾನೇ ಸಾರ್.”

“ಹದಿನಾಲ್ಕೂ?”

“ಹದಿನಾಲ್ಕೂ ನಾನೇ. ಕೆಲವು ಗುರುವಾರ ಎರಡೆರಡು ಸಲ ಹೋದೆ. ಇನ್ನೂ ಬರ್ತಾ ಇರಿ ಅಂದಿದಾರೆ.”

ಅವರು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡರು.

ಕೋಣೆ ಉಳಿಯಿತು. ಸೋಮವಾರ ನನ್ನ ಕಿಟಕಿಯಲ್ಲಿ ಬೇರೆಯವನಿದ್ದ. ತಲೆ ಸರಿಯಿಲ್ಲದವನ ಕೈಗೆ ನಲವತ್ತು ಬಸ್ಸಿನ ಕೀ ಕೊಡುತ್ತಾರೆಯೇ? ಪ್ರಯಾಣಿಕರು ಬಿಟ್ಟುಹೋದ ಸಾಮಾನು ಇಡುವ ಕೋಣೆಗೆ ನನ್ನನ್ನು ಹಾಕಿದರು. ಕ್ಯಾಂಟೀನಿನಲ್ಲಿ ಪಕ್ಕದಲ್ಲಿ ಕೂತರೆ ಹಾರ್ನ್ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದ. ನಾನು ಚಮಚ ಎತ್ತಿದರೂ ನಾಲ್ಕು ಜನ ನೋಡುತ್ತಿದ್ದರು. ಇಷ್ಟು ವರ್ಷ ನಾನು ನೋಡುತ್ತಿದ್ದದ್ದೂ ಹೀಗೇ ಎಂದು ತಿಳಿದು ನಾಚಿಕೆಯಾಯಿತು.

ಅದಕ್ಕಿಂತ ದೊಡ್ಡ ಸಂಕಟ ಗುರುವಾರ ಬಂತು. ಹನ್ನೊಂದೂವರೆಯಾದರೂ ಭಾವಮೈದ ಆ ಬಾಗಿಲ ಕಡೆ ಬರಲಿಲ್ಲ. ಕೊನೆಗೆ ಸೀದಾ ನನ್ನ ಕೋಣೆಗೇ ಬಂದು ನಿಂತ.

“ಭಾವ, ಕಿಟಕೀಲಿ ಕೂತು ನೀವು ಹೆಸರು ಬರೀತಿದ್ರಂತೆ, ಕೀ ತಗೊಳ್ಳೋವಾಗ ಒಬ್ಬ ನೋಡಿದ್ನಂತೆ. ನಂದೂ ಇತ್ತಾ?”

ಸುಳ್ಳು ನಾಲಿಗೆಯ ತುದಿಯಲ್ಲಿತ್ತು. “ಇತ್ತು ಕಣೋ. ಆರು ಸಲ. ತಪ್ಪು ಮಾಡ್ದೆ. ಹರಿದು ಮೋರಿಗೆ ಹಾಕ್ದೆ.”

“ಹರಿದ್ರಿ ಅಂತ ನಾನು ಹೇಗೆ ನಂಬ್ಲಿ?”

“ನನ್ನ ಮಾತು ನಂಬಬೇಡ. ನೀನಿನ್ನೂ ಬಸ್ಸು ಓಡಿಸ್ತಿದೀಯ, ನಾನಿಲ್ಲಿ ಛತ್ರಿ ಎಣಿಸ್ತಿದೀನಿ. ಅದನ್ನ ನೋಡು.”

ಅವನು ಗೋಡೆಗೆ ಒರಗಿಸಿದ್ದ ಛತ್ರಿಗಳನ್ನು ನೋಡಿದ. ಆಮೇಲೆ ಯಾರದೋ ಟ್ರಂಕಿನ ಮೇಲೆ ಕುಸಿದು ಕೂತ. “ಈಗೀಗ ನಿದ್ದೆ ಬರ್ತಿದೆ ಭಾವ. ಬಿಟ್ರೆ ಮತ್ತೆ ಆ ಮುದುಕ ಬರ್ತಾನೆ. ಆದ್ರೆ ಇವತ್ತು ಹೇಗೆ ಹೋಗ್ಲಿ? ಶೆಡ್ಡಿನ ಹತ್ರ ಎಲ್ಲಾ ಕಾಯ್ತಾ ನಿಂತಿದಾರೆ, ಯಾರು ಹೋಗ್ತಾರೆ ನೋಡೋಣ ಅಂತ.”

ನಾನು ಎದ್ದೆ. ಬೇರೇನೂ ತೋಚದೆ ಅವನ ಕೈಯನ್ನು ನನ್ನ ತೋಳಿಗೆ ಹಿಡಿಸಿದೆ. “ನಡಿ. ಹುಚ್ಚ ಯಾರು ಅಂತ ಎಲ್ರಿಗೂ ಗೊತ್ತಾಗಿದೆ.”

ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಡಿಪೋ ಅಂಗಳದ ನಡುವೆ ಬಂದಾಗ ಅವನೇ ಗಟ್ಟಿಯಾಗಿ, “ಸ್ವಲ್ಪ ದಾರಿ ಬಿಡ್ರಪ್ಪಾ, ಭಾವನ್ನ ತೋರಿಸ್ಕೊಂಡು ಬರ್ಬೇಕು!” ಎಂದ. ಎಲ್ಲರೂ ಸರಿದು ದಾರಿ ಬಿಟ್ಟರು. ಯಾರೋ ಲೊಚಗುಟ್ಟಿದರು. ಇಬ್ಬರೂ ಒಳಗೆ ಹೋದೆವು. ಅವನು ಕುರ್ಚಿಯಲ್ಲಿ ಕೂತ. ನಾನು ಹಿಂಬಾಗಿಲಿನಿಂದ ಟೈರ್ ಕೋಣೆಗೆ ದಾಟಿ, ಮುಕ್ಕಾಲು ಗಂಟೆ ಹಳೇ ಟೈರಿನ ಮೇಲೆ ಕೂತಿದ್ದೆ.

ಸಂಜೆ ನಾನು ಮನೆಗೆ ಹೊರಡುವಾಗ ಗೇಟಿನ ಬಳಿ ಹಾರ್ನ್ ಅಡ್ಡ ಬಂದ. ಇವನಿಗೆ ಏನು ಬೇಕಪ್ಪಾ ಎಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವನು ಸುತ್ತ ನೋಡಿದ. ಅಷ್ಟು ಮೆಲ್ಲನೆಯ ದನಿ ಅವನಲ್ಲಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ.

“ಅಣ್ಣಾ, ಮುಂದಿನ ಗುರುವಾರ ನಿಮ್ಮನ್ನ ನಾನು ಕರ್ಕೊಂಡು ಹೋಗ್ಲಾ?”