ಬಿರುಕು ಬಿಟ್ಟ ಸೋರೆಬುರುಡೆ

ಬೇಸಿಗೆ ಬಂತೆಂದರೆ ಉತ್ತರ ಘಾನಾದ ಆ ಹಳ್ಳಿಯ ಮಕ್ಕಳಿಗೆ ಭೇದಿ ತಪ್ಪಿದ್ದಲ್ಲ. ಅಲ್ಲಿ ಕುಡಿಯಲು ಕೈಪಂಪಿನ ನೀರಿತ್ತು, ದನಕರು ಇಳಿಯುವ ಕೆರೆಯ ನೀರೂ ಇತ್ತು. "ಪಂಪಿನ ನೀರು ಕಬ್ಬಿಣ ನೆಕ್ಕಿದಂಗಿರ್ತದೆ. ಕೆರೆ ನೀರು ಸಿಹಿ" ಎಂದು ಲಾರಿಬಾ ಅಜ್ಜಿಯ ಹಟ. ಅವಳ ಮೊಮ್ಮಗು ಅಸಿಬಿ ಹೋದ ವಾರವಷ್ಟೇ ಭೇದಿಯಿಂದ ಬಸವಳಿದು ಎದ್ದಿತ್ತು. ಇನ್ನೊಮ್ಮೆ ಹಾಗಾದರೆ ಮಗು ಉಳಿದೀತೇ ಎಂದು ತಾಯಿ, ಲಾರಿಬಾಳ ಸೊಸೆ ಅಯಿಂಪೋಕಾಗೆ ಜೀವ ಹಿಡಿಯಷ್ಟಾಗಿತ್ತು.

ಅಯಿಂಪೋಕಾ ಊರಿನ ಆರೋಗ್ಯ ಸ್ವಯಂಸೇವಕಿ. ಯಾವ ನೀರು ಕುಡಿದ ಮಕ್ಕಳು ಹಾಸಿಗೆ ಹಿಡಿದರು ಎಂದು ಮನೆಮನೆ ತಿರುಗಿ ಕೇಳಿದಳು. ಆಮೇಲೆ ಸಭೆಮನೆಯ ಗೋಡೆಯ ಮೇಲೆ, ಕಾಯಿಲೆ ಬಿದ್ದವರ ಲೆಕ್ಕಕ್ಕೆ ತಕ್ಕಷ್ಟು ಎತ್ತರಕ್ಕೆ, ಎರಡು ಕಂಬ ಬರೆದಳು. ಪಂಪಿಗೆ ಗಿಡ್ಡದೊಂದು ಬಿಳಿ ಕಂಬ, ಕೆರೆಗೆ ಉದ್ದನೆಯ ಕೆಂಪು ಕಂಬ. ಕೆಂಪು ಅಂದರೆ ಅಪಾಯ ಅಂತ ತರಬೇತಿಯಲ್ಲಿ ಹೇಳಿಕೊಟ್ಟಿದ್ದರಲ್ಲ!

ಹೆಂಗಸರು ಬಂದು ನೋಡಿ ಚಪ್ಪಾಳೆ ತಟ್ಟಿಬಿಟ್ಟರು.

"ನಮ್ಮ ಕೆರೇನೇ ಗೆದ್ದಿದ್ದು ನೋಡ್ರೇ!" ಲಾರಿಬಾ ಕುಣಿದಾಡಿದಳು. "ಪಾಪ, ಪಂಪಿಗೆ ಬಣ್ಣಕ್ಕೂ ಗತಿಯಿಲ್ಲ!"

ಅಯಿಂಪೋಕಾ ಹಣೆ ಚಚ್ಚಿಕೊಂಡಳು. ಸುಗ್ಗಿ ಮುಗಿದ ಮೇಲೆ ಹೆಂಗಸರು ಕೂಡಿ ಮನೆಗೋಡೆಗೆ ಚಿತ್ತಾರ ಬರೆಯುವ ಊರದು. ಅಲ್ಲಿ ಕೆಂಪುಮಣ್ಣೆಂದರೆ ಸಿಂಗಾರ. ಎತ್ತರ ಬೆಳೆದ ಸಜ್ಜೆಯೇ ಒಳ್ಳೆಯ ಸಜ್ಜೆ.

"ಅತ್ತೆ, ಅದು ಕಾಯಿಲೆ ಬಿದ್ದ ಮಕ್ಕಳ ಲೆಕ್ಕ!"

"ಮಕ್ಕಳಾ? ಆ ಕಂಬದಲ್ಲಿ ಮಗು ಎಲ್ಲಿದೆಯೇ, ಪುಣ್ಯಾತ್ಗಿತ್ತಿ?"

ಮಾತು ಅಯಿಂಪೋಕಾಗೆ ನಾಟಿತು. "ಹಂಗಾದ್ರೆ ನೀವೇ ಹೇಳಿ. ಕೆಟ್ಟದ್ದು ಅಂತ ಕಂಡ ಕೂಡ್ಲೇ ಗೊತ್ತಾಗ್ಬೇಕು."

"ಸೋರೆಬುರುಡೆ ಬರಿ. ನೀರು ತುಂಬೋ ಬುರುಡೆ ಬಿರುಕು ಬಿಟ್ರೆ ಯಾವ ಹೆಂಗಸಿಗೆ ಸಂಕಟ ಆಗಲ್ಲ?"

ಮಾರನೇ ದಿನ ಹಾಡು ಹೇಳುತ್ತಾ ಎಲ್ಲರೂ ಗೋಡೆ ಸಾರಿಸಿದರು. ಪಂಪಿನ ಚಿತ್ರದ ಮುಂದೆ ಹತ್ತು ಬುರುಡೆ, ಕೆರೆಯಲ್ಲಿ ನಿಂತ ಹಸುವಿನ ಮುಂದೆ ಹತ್ತು ಬುರುಡೆ. ಒಂದು ಬುರುಡೆ ಒಂದು ಮಗು, ಎಲ್ಲಕ್ಕೂ ಒಂದೇ ಗಾತ್ರ; ಕಾಯಿಲೆ ಬಿದ್ದ ಮಗುವಿನ ಬುರುಡೆಗೆ ಬಿರುಕು. ಸುತ್ತ ಚಿತ್ತಾರದ ಹಾವು, ಹಲ್ಲಿ ಬರೆಯಲು ಹೊರಟ ಅತ್ತೆಯನ್ನು ಸೊಸೆ ತಡೆದಳು.

"ಬೋಳುಗೋಡೆ ಕಣೇ ಇದು!"

"ಇರ್ಲಿ ಅತ್ತೆ, ಕಣ್ಣು ಬುರುಡೆ ಮೇಲೇ ನಿಲ್ಲಲಿ."

ಪಂಪಿನ ಸಾಲಿನಲ್ಲಿ ಬಿರುಕು ಬಿಟ್ಟದ್ದು ಒಂದೇ. ಕೆರೆಯ ಸಾಲಿನಲ್ಲಿ ಆರು. ಆರನೆಯದಕ್ಕೆ ಬಿರುಕು ಎಳೆಯುವಾಗ ಲಾರಿಬಾಳ ಕೈ ನಿಂತಿತು.

"ಇದು ನಮ್ಮ ಅಸಿಬೀನಾ?"

"ಹೂಂ, ಅತ್ತೆ."

ಅಜ್ಜಿ ಆ ಬಿರುಕನ್ನು ಎಳೆದು ಮುಗಿಸಿದಳು. ಮನೆಗೆ ಹೋಗಿ ಕೊಡದಲ್ಲಿದ್ದ ಕೆರೆ ನೀರನ್ನೆಲ್ಲ ಅಂಗಳಕ್ಕೆ ಸುರಿದು, ಪಂಪಿನ ಕಡೆ ನಡೆದಳು.

ಸಂಜೆ ಪಕ್ಕದ ಮನೆಯ ಅಕೋಲ್ಗೊ ಬಂದ. ಮನೆಗೆ ಬಂದವರಿಗೆ ಮೊದಲು ಸಜ್ಜೆಹಿಟ್ಟು ಕದಡಿದ ನೀರು ಕೊಡಬೇಕಲ್ಲ, ಲಾರಿಬಾ ಪಂಪಿನ ನೀರಲ್ಲೇ ಕದಡಿ ಕೊಟ್ಟಳು. ಒಂದು ಗುಟುಕಿಗೇ ಅವನು ಮುಖ ಕಿವುಚಿದ.

"ಏನಕ್ಕಾ ಇದು, ಗುದ್ದಲಿ ತೊಳೆದ ನೀರಾ?"

"ಶುಂಠಿ ಹಾಕಿದೀನಿ, ಕುಡಿಯೋ ಸುಮ್ನೆ! ಆಮೇಲೆ ಗೋಡೆ ಹತ್ರ ನಡಿ. ನಾನು ತುಟಿ ಬಿಚ್ಚಲ್ಲ, ನೀನೇ ನೋಡಿ ಹೇಳು."

ಅಕೋಲ್ಗೊ ಗೋಡೆಯ ಮುಂದೆ ನಿಂತ. "ಅಯ್ಯಯ್ಯೋ, ಕೆರೆ ಕಡೆ ಇಷ್ಟೊಂದು ಒಡೆದವಾ!" ಅಂದವನು, ಕೈಯಲ್ಲೇ ಹಿಡಿದು ಬಂದಿದ್ದ ತಂಬಿಗೆಯಲ್ಲಿ ಉಳಿದಿದ್ದನ್ನು ಗಟಗಟ ಕುಡಿದ. ಅಜ್ಜಿಯ ಬೆನ್ನ ಮೇಲಿದ್ದ ಅಸಿಬಿ ಕಿಲಕಿಲ ನಕ್ಕಿತು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಾಳೆ ನಿಮ್ಮ ಸಂಘದ ಗೋಡೆಗೂ ನೀವೊಂದು ಚಿತ್ರಪಟ ಬರೆಯಬಹುದು. ಒಂದೇ ವಿಷಯ ಹೇಳಿ. ನಿಮ್ಮೂರಿನ ಜನ ಬಲ್ಲ ಗುರುತನ್ನೇ ಬಳಸಿ. ತೂಗುಹಾಕುವ ಮೊದಲು ನೆರೆಯವರನ್ನು ಕರೆದು "ಏನು ಕಾಣಿಸ್ತಿದೆ?" ಅಂತ ಕೇಳಿ, ಸುಮ್ಮನಿರಿ. ಅವರು ತಪ್ಪು ಹೇಳಿದರೆ ರೇಗಬೇಡಿ. ಚಿತ್ರ ಅಳಿಸಿ, ಅವರನ್ನೇ ಜೊತೆಗೆ ಕೂರಿಸಿಕೊಂಡು ಮತ್ತೆ ಬರೆಯಿರಿ.