ಮಲಗಿದ ನಾಯಿಗಳ ಅಳತೆ

ನಾಯಿಗಳನ್ನು ನಾನು ಅಳೆದದ್ದು ಮಧ್ಯಾಹ್ನ, ಅವು ಬೇವಿನ ಮರದ ಕೆಳಗೆ ನಿದ್ದೆ ಹೋಗಿದ್ದಾಗ. ಎಚ್ಚರವಿದ್ದಾಗ ಅವು ಅಳೆಯಗೊಡುತ್ತಿರಲಿಲ್ಲ. ಕೈ ಚಾಚಿದರೆ ಆಟವೆಂದುಕೊಂಡು ಹೊಲದ ಅಂಚಿನವರೆಗೆ ಓಡಿ, ಒಂದು ಸುತ್ತು ಹಾಕಿ ಬಂದು, ಇನ್ನೂ ಆಡೋಣ ಎಂಬಂತೆ ನೋಡುತ್ತಿದ್ದವು. ಅದಕ್ಕೇ ಮಲಗಲೆಂದು ಕಾದೆ. ನನ್ನ ಆಯಿ ಕೌದಿಯಿಂದ ಹಿಡಿದು ನನ್ನ ಜಡೆಯವರೆಗೆ ಎಲ್ಲವನ್ನೂ ಗೇಣಿನಲ್ಲೇ ಅಳೆಯುತ್ತಿದ್ದಳು. ನಾನೂ ಹಾಗೆಯೇ ಮಾಡಿದೆ. ಸುರುಳಿ ಸುತ್ತಿಕೊಂಡ ಒಂದೊಂದು ನಾಯಿ ಮೂರು ಗೇಣು. ಎರಡೆರಡರಂತೆ ಸಾಲು ಮಾಡಿದರೆ ಆರು ಗೇಣು ಉದ್ದ, ಆರು ಗೇಣು ಅಗಲ. ಕೈಮೇಲೆ ಪೆನ್ನಿನಿಂದ ಬರೆದುಕೊಂಡೆ.

ಆಯಿ ಅಂದರೆ ಅಪ್ಪನ ತಾಯಿ, ಚನ್ನವ್ವ. ಕನ್ನೊಳ್ಳಿಯ ಆ ಮನೆಯಲ್ಲಿ, ಅವಳ ಕಥೆಗಳನ್ನು ಕೇಳುತ್ತಲೇ ನಾನು ಬೆಳೆದೆ. ಅವಳು ಹೋಗಿ ಆಗ ಎರಡು ತಿಂಗಳಾಗಿತ್ತು. ಅವಳು ಸಾಕಿದ ನಾಲ್ಕು ನಾಯಿಗಳು ಉಳಿದಿದ್ದವು: ತಾಯಿ ಜ್ವಾಳವ್ವ, ಅದರ ಮಕ್ಕಳು ಸಜ್ಜಿ, ನವಣಿ ಮತ್ತು ಎಲ್ಲರಿಗಿಂತ ಎತ್ತರದ ಗಂಡು, ಕುಸುಬಿ. ಮೈಬಣ್ಣ ನೋಡಿ ಆಯಿ ಇಟ್ಟ ಕಾಳುಗಳ ಹೆಸರುಗಳು. ಮುಧೋಳದ ಕಡೆಯ ತಳಿ. ಸಣ್ಣ ನಡು, ಉದ್ದ ಕಾಲು. ನಿಂತರೆ ಬೀಸುವ ಮೊದಲು ತಡೆದು ನಿಂತ ಗಾಳಿಯ ಹಾಗೆ ಕಾಣುತ್ತಿದ್ದವು.

ಆ ಮನೆಯಲ್ಲಿ ಈಗ ರಾಚಪ್ಪ ಕಾಕಾ ಇದ್ದ. ಅವನ ಹೆಂಡತಿಗೆ ಉಬ್ಬಸ. ನಾಯಿಗಳ ಕೂದಲು ಹಾರಿದರೆ ಅವಳಿಗೆ ಉಸಿರಾಡಲಾಗುತ್ತಿರಲಿಲ್ಲ. ಹೀಗಾಗಿ ನಾಯಿಗಳು ಅಲ್ಲಿಂದ ಹೊರಡಲೇಬೇಕಿತ್ತು. ಆಲಮೇಲದ ಗುರಪ್ಪ ಎಂಬ ಮುದುಕ ಆಗಲೇ ಎರಡು ಸಲ ಬಂದು ಕೇಳಿ ಹೋಗಿದ್ದ. ಅವನ ಕಬ್ಬಿನ ಹೊಲಕ್ಕೆ ಹಂದಿಗಳ ಕಾಟ.

“ಎರಡು ಗುರಪ್ಪಗ ಕೊಡು, ಎರಡು ನೀ ಒಯ್ಯಿ. ಎಲ್ಲಾರಿಗೂ ಹಗರ ಆಕ್ಕೈತಿ,” ಅಂದ ಕಾಕಾ.

“ಇಲ್ಲ ಕಾಕಾ. ತಾಯಿ ಮಕ್ಕಳನ್ನ ಅಗಲಸಂಗಿಲ್ಲ. ನಾಲ್ಕೂ ನನ್ನ ಕೂಡ ಬರ್ತಾವ.”

“ಯಾವುದರಾಗ? ಬಸ್ಸಿನ್ಯಾಗ ಅರ್ಧಾ ಟಿಕೇಟ್ ತಗಸ್ತೀಯೇನು?”

“ಕಾರ ತಗೋತೇನಿ.”

ಕಾಕಾ ತೊಡೆ ತಟ್ಟಿ ನಕ್ಕ. “ಈ ಮನ್ಯಾಗ ಮನಶ್ಯಾರಿಗೇ ಇನ್ನೂ ಕಾರಿಲ್ಲ. ನಾಯಿಗೆ ಬಂತ ನೋಡು ಯೋಗ! ಆತು, ಒಯ್ಯಿ ನಮ್ಮವ್ವ. ನಾಲ್ಕೂ ಒಯ್ದ್ರ ನಿನಗ ಕೈ ಮುಗೀತೇನಿ.”

ಆ ನಗು ನನ್ನೊಳಗೆ ಮುಳ್ಳಿನ ಹಾಗೆ ಉಳಿಯಿತು.

ನಾನು ಮುದ್ದೇಬಿಹಾಳದಲ್ಲಿ ಹೈಸ್ಕೂಲು ಶಿಕ್ಷಕಿ. ನಾಯಿಗಳೆಂದರೆ ಅಲ್ಲಿ ಯಾರೂ ಮನೆ ಕೊಡಲಿಲ್ಲ. ಬಸವನ ಬಾಗೇವಾಡಿಯಲ್ಲಿ ಹಿತ್ತಲಿದ್ದ ಒಂದು ಮನೆ ಸಿಕ್ಕಿತ್ತು. ಹಿತ್ತಲು ಚಿಕ್ಕದು, ಓಡುವ ನಾಯಿಗಳಿಗೆ ಸಾಲದು. ವಾರಕ್ಕೊಮ್ಮೆ ಅವುಗಳನ್ನು ಬಯಲಿಗೆ ಒಯ್ಯಬೇಕು, ನಾನು ದಿನವೂ ಶಾಲೆಗೆ ಹೋಗಿ ಬರಬೇಕು. ಹಳೆಯದಾದರೂ ಪೆಟ್ರೋಲು ಕಡಿಮೆ ಕುಡಿಯುವ ಒಂದು ಗಾಡಿ ಬೇಕಿತ್ತು.

ಇಂಡಿಯ ಶ್ರೀಶೈಲ ಹಳೆಯ ಗಾಡಿಗಳನ್ನು ರಿಪೇರಿ ಮಾಡಿ ಮಾರುವವನು. ಅವನ ಶೆಡ್ಡಿಗೆ ಹೋದೆ.

“ಎಷ್ಟು ಮಂದಿ ಅಡ್ಡಾಡ್ತೀರಿ ಅಕ್ಕೋರ?”

“ನಾ ಒಬ್ಬಾಕಿ. ನಾಲ್ಕು ನಾಯಿ.”

ಅವನು ಸ್ಪ್ಯಾನರ್ ಕೆಳಗಿಟ್ಟ. “ಸಾಲಿ ಬಿಟ್ಟು ಸರ್ಕಸ್ ಕಂಪನಿ ತಗದೀರೇನ್ರಿ?”

ಆದರೆ ಗಂಭೀರವಾಗಿಯೇ ಗಾಡಿ ತೋರಿಸಿದ. ಮೊದಲು ಒಂದು ಬಿಳಿಯ ವ್ಯಾನು. ಹಿಂದಿನ ಸೀಟು ತೆಗೆದಿದ್ದರು, ಬಾಗಿಲು ಪಕ್ಕಕ್ಕೆ ಸರಿಯುವಂಥದ್ದು. ಯಾರೋ ಅದರಲ್ಲಿ ತೆಂಗಿನಕಾಯಿ ಹೇರುತ್ತಿದ್ದರಂತೆ, ಒಳಗೆಲ್ಲ ನಾರು.

“ಡಬ್ಬಿ ಇದ್ದಂಗ ಐತ್ರಿ, ಚಂದ ಇಲ್ಲ. ಲೀಟರಿಗೆ ಹದಿನಾಲ್ಕರ ಮ್ಯಾಲ ಕೇಳಬ್ಯಾಡ್ರಿ. ಆದ್ರ ನಾಯಿ ಆರಾಮ ನಿಂತು ಹೊಕ್ಕಾವ.”

ಅದರ ಪಕ್ಕದಲ್ಲಿ ನಿಂತಿತ್ತು ನೀಲಿ ಕಾರು. ಸಣ್ಣದು, ದುಂಡಗಿನದು. ರಿಟೈರಾದ ಒಬ್ಬ ಮಾಸ್ತರರು ಬಳಸಿದ್ದು. ಲೀಟರಿಗೆ ಇಪ್ಪತ್ತು ಕೊಡುತ್ತಿತ್ತು. ಹಿಂದಿನ ಸೀಟು ಮಡಚಿದರೆ ಡಿಕ್ಕಿಯವರೆಗೆ ಒಂದೇ ಹಾಸು. ನಾನು ಒಳಗೆ ಬಗ್ಗಿ ಗೇಣು ಹಾಕಿದೆ. ಉದ್ದ ಆರು, ಅಗಲ ಆರಕ್ಕೆ ಎರಡು ಬೆರಳು ಕಡಿಮೆ.

ಆಯಿಯ ಕಥೆಯಲ್ಲಿ ಒಂದು ನೀಲಿ ಕುದುರೆ ಇತ್ತು. ಭೀಮಾ ಹೊಳೆ ದಾಟಿಸುವ ಕುದುರೆ. ಹತ್ತುವವರು ಹೆಚ್ಚಾದಂತೆ ಅದರ ಬೆನ್ನು ಉದ್ದವಾಗುತ್ತ ಹೋಗುತ್ತಿತ್ತು. ಕೊನೆಗೆ ಬಂದ ಕುಂಟ ಮುದುಕಿಗೂ ಜಾಗವಾಗುತ್ತಿತ್ತು. ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟಾಗ ನನಗೆ ನೆನಪಾದದ್ದು ಅದು. ಎರಡು ಬೆರಳು ಏನು ಮಹಾ ಅನ್ನಿಸಿತು.

“ಸಾಕಾಕ್ಕೈತಿ. ನಾ ಅಳದು ನೋಡೇನಿ,” ಅಂದೆ.

“ಹ್ಯಾಂಗ ಅಳದೀರಿ? ನಿಂದ್ರಿಸಿ ಅಳದೀರೇನು?”

“ಮಲಗಿದ್ದಾಗ.”

ಶ್ರೀಶೈಲ ತಲೆ ಕೆರೆದುಕೊಂಡ. “ಅಕ್ಕೋರ, ಅವು ಜ್ವಾಳದ ಚೀಲ ಅಲ್ರಿ, ಒಗದಲ್ಲೇ ಬೀಳಾಕ. ಆ ಜಾತಿ ನಾಯಿ ಗಾಡ್ಯಾಗ ಕುಂಡ್ರಂಗಿಲ್ಲ. ಕಾಲು ಉದ್ದ ಇರ್ತಾವಲ್ರಿ, ನಿಂತ ಬರ್ತಾವ. ಒಂದಿನ ಕರಕೊಂಡು ಬರ್ರಿ, ಹತ್ತಿಸಿ ನೋಡೂಣು.”

ಕರೆದುಕೊಂಡು ಬರಲು ಗಾಡಿಯಿದ್ದರೆ ಗಾಡಿಯನ್ನೇಕೆ ಕೊಳ್ಳುತ್ತಿದ್ದೆ ಎಂದು ಮಾತಿನಲ್ಲಿ ಗೆದ್ದವಳಂತೆ ನಕ್ಕೆ. ಅವನೂ ನಕ್ಕ. ಮತ್ತೆ ಹೇಳಲಿಲ್ಲ. ನಾನು ನೀಲಿ ಕಾರಿಗೆ ಮುಂಗಡ ಕೊಟ್ಟೆ.

ಕನ್ನೊಳ್ಳಿಗೆ ಕಾರು ಒಯ್ದ ದಿನ ಕಾಕಾ ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು, ಕಾಯಿ ಒಡೆದ. ಸೀಟು ಮಡಚಿ, ದಪ್ಪ ಜಮಖಾನೆ ಹಾಸಿ, ನಾನು ಡಿಕ್ಕಿ ತೆರೆದೆ. ಜ್ವಾಳವ್ವ ಮೊದಲು ಹತ್ತಿತು. ಹಿಂದೆಯೇ ಸಜ್ಜಿ, ನವಣಿ. ಮೂರೂ ನಿಂತವು. ಮಲಗು ಎಂದರೆ ನನ್ನ ಮುಖ ನೋಡಿದವು. ಕುಸುಬಿ ಹತ್ತಿದ, ಅವನ ಬೆನ್ನು ಕಾರಿನ ಚಾವಣಿಗೆ ತಾಗಿ ಕತ್ತು ಬಾಗಿತು. ಹನ್ನೆರಡು ಕಾಲುಗಳ ನಡುವೆ ಇನ್ನೂ ನಾಲ್ಕು ಕಾಲಿಗೆ ನೆಲವಿರಲಿಲ್ಲ. ಡಿಕ್ಕಿ ಮುಚ್ಚಲು ಹೋದರೆ ಅವನ ತೊಡೆಗೆ ತಾಗಿತು. ಆದರೂ ಹೇಗೋ ಮುಚ್ಚಿ ಊರ ಹೆಬ್ಬಾಗಿಲಾದ ಅಗಸೆಯವರೆಗೆ ಹೋದೆ. ತಿರುವಿನಲ್ಲಿ ಎಲ್ಲವೂ ಒಂದರ ಮೇಲೊಂದು ವಾಲಿದವು. ಅಡಿಯಲ್ಲಿ ಸಿಕ್ಕ ಜ್ವಾಳವ್ವ ಕೂಗಿದ ಕೂಗಿಗೆ ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು.

ಕಾಕಾ ಹಿಂದೆಯೇ ನಡೆದು ಬಂದ. ಈ ಸಲ ನಗಲಿಲ್ಲ. “ಒಂದನ್ನ ಇಳಸು ವಿಜ್ಜಿ. ಆ ಮುದುಕಿ ಸಾಯ್ತೈತಿ.”

ಯಾರನ್ನು ಇಳಿಸುವುದು? ತಾಯಿಯನ್ನು ಬಿಡುವಂತಿರಲಿಲ್ಲ. ಸಜ್ಜಿ ಇಳಿದರೆ ಹೊಲ ಸೇರಿ ಸಂಜೆಯವರೆಗೂ ಸಿಗುತ್ತಿರಲಿಲ್ಲ, ನವಣಿ ಕಚ್ಚುತ್ತಿತ್ತು. ಹೇಳಿದ ಮಾತು ಕೇಳುವವನು ಕುಸುಬಿ ಒಬ್ಬನೇ. ಅದಕ್ಕೇ ಅವನಿಗೆ ಹೇಳಿದೆ.

“ಇಳಿ ಕುಸುಬಿ.”

ಒಂದೇ ಮಾತಿಗೆ ಇಳಿದ. ಇಳಿದು, ಮುಂದಿನ ಮಾತಿಗಾಗಿ ಬಾಲ ಅಲ್ಲಾಡಿಸುತ್ತ ನಿಂತ.

“ಕಾಕಾ, ಬರೂ ಐತಾರ ಬರ್ತೇನಿ. ಅಲ್ಲೀತನಕ ಇಟಗೋ.”

“ಐತಾರ ಅಂದ್ರ ಐತಾರ ಮತ್ತ. ಮನ್ಯಾಕಿ ಉಸಿರು ನನ್ನ ಕೈಯಾಗಿಲ್ಲ.”

ಸಿಂದಗಿ ದಾಟುವವರೆಗೂ ನಾನು ಕನ್ನಡಿಯಲ್ಲಿ ನೋಡಲಿಲ್ಲ.

ಆ ರವಿವಾರ ಶಾಲೆಯಲ್ಲಿ ಪರೀಕ್ಷೆಯ ಕೆಲಸ ಬಂತು. ಮುಂದಿನ ರವಿವಾರ ಜ್ವಾಳವ್ವನಿಗೆ ಜ್ವರ. ಒಂದು ಟಂಟಂ ಆಟೋ ಬಾಡಿಗೆಗೆ ಹಿಡಿದು ಕಳಿಸಿ ಎಂದು ಒಂದು ಫೋನು ಮಾಡಿದ್ದರೆ ಕುಸುಬಿ ಮಧ್ಯಾಹ್ನದೊಳಗೆ ನನ್ನ ಹಿತ್ತಲಿನಲ್ಲಿರುತ್ತಿದ್ದ. ಆಗ ಅದು ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ನಾಯಿಗಾಗಿ ಕಾರು ಕೊಂಡವಳು ನಾಯಿಗಾಗಿ ಟಂಟಂ ಹಿಡಿದಳು ಎಂದು ಕಾಕಾ ಊರೆಲ್ಲ ಹೇಳಿಕೊಂಡು ನಗುತ್ತಾನೆ ಎಂದು ಬಿಟ್ಟೆ. ಅಷ್ಟೇ ಕಾರಣ. ಇದನ್ನು ಯಾರಿಗೂ ಹೇಳಿರಲಿಲ್ಲ.

ಮೂರನೆಯ ವಾರ ಕಾಕಾನೇ ಫೋನು ಮಾಡಿದ.

“ನಿನ್ನ ಕುಸುಬಿ ಕೂಳು ಮುಟ್ಟವಲ್ದು ವಿಜ್ಜಿ. ಅಗಸಿತನಕ ಹೋಗ್ತಾನ, ನೀ ಎಲ್ಲಿ ಇಳಿಸಿದ್ದೆಲಾ, ಅಲ್ಲೇ ನಿಂದ್ರತಾನ. ಇಲ್ಲಿ ಗುರಪ್ಪ ಬಂದಾನ. ಏನ ಮಾಡ್ಲಿ?”

ಸ್ಟಾಫ್ ರೂಮಿನಲ್ಲಿದ್ದೆ. ಎದುರಿಗೆ ಉತ್ತರಪತ್ರಿಕೆಗಳ ಕಟ್ಟು.

“ಸದ್ಯಕ್ಕ ಕಳಿಸು ಕಾಕಾ,” ಅಂದೆ. “ಸದ್ಯಕ್ಕ ಅಷ್ಟ. ನಾ ಆಮ್ಯಾಲ ಹೋಗಿ ತರ್ತೇನಿ.”

ಕಾರು ಎಲ್ಲ ರೀತಿಯಿಂದಲೂ ಒಳ್ಳೆಯದೇ ಆಗಿತ್ತು. ಪೆಟ್ರೋಲು ಕಡಿಮೆ ಕುಡಿಯಿತು, ದಾರಿಯಲ್ಲಿ ಒಮ್ಮೆಯೂ ನಿಲ್ಲಿಸಲಿಲ್ಲ. ಮೂರು ನಾಯಿಗಳು ಅದರಲ್ಲಿ ಹೊಂದಿಕೊಂಡು ನಿಲ್ಲುವುದನ್ನು ಕಲಿತವು. ರವಿವಾರಗಳಲ್ಲಿ ಬಾಗೇವಾಡಿಯ ಹೊರಗಿನ ಬಯಲಿಗೆ ಒಯ್ಯುತ್ತಿದ್ದೆ. ಓಡಿ ಬಂದ ಮೇಲೆ ಜ್ವಾಳವ್ವ ಕಾರು ಹತ್ತುವ ಮೊದಲು ಹಿಂದಿರುಗಿ ನೋಡುತ್ತ ನಿಲ್ಲುತ್ತಿತ್ತು. ಇನ್ನೊಬ್ಬ ಬರಬೇಕಿದೆ ಎನ್ನುವಂತೆ. ನಾನು ಅದರ ಸೊಂಟ ಹಿಡಿದು ಎತ್ತಿ ಒಳಗೆ ಹಾಕುತ್ತಿದ್ದೆ.

ಪುಷ್ಯ ಮಾಸದ ಚಳಿಯಲ್ಲಿ ಜ್ವಾಳವ್ವ ಸತ್ತಿತು. ವಯಸ್ಸಾಗಿತ್ತು, ನರಳಲಿಲ್ಲ. ಎರಡು ವಾರದ ಮೇಲೆ ಸಜ್ಜಿ, ನವಣಿ ಇಬ್ಬರನ್ನೂ ಕರೆದುಕೊಂಡು ಆಲಮೇಲಕ್ಕೆ ಹೊರಟೆ.

ಗುರಪ್ಪ ಮುತ್ಯಾ ಕಬ್ಬಿನ ನಡುವೆ ಹಾಕಿದ ಗುಡಿಸಲ ಮುಂದೆ ಬೀಡಿ ಸೇದುತ್ತ ಕುಳಿತಿದ್ದ. ಕಾರಿನ ಸಪ್ಪಳ ಕೇಳಿ ಕುಸುಬಿ ಕಬ್ಬಿನೊಳಗಿಂದ ಬಾಣದಂತೆ ಬಂದ. ಮೈ ತುಂಬಿಕೊಂಡಿದ್ದ. ನನ್ನ ಎದೆಯ ಮೇಲೆ ಎರಡೂ ಕಾಲಿಟ್ಟು ಮುಖವೆಲ್ಲ ನೆಕ್ಕಿದ. ನನ್ನನ್ನು ಮರೆತಿದ್ದರೆ ಚೆನ್ನಾಗಿತ್ತು ಅನ್ನಿಸಿತು.

“ಬಾ ತಂಗಿ,” ಅಂದ ಮುತ್ಯಾ. “ಒಯ್ಯಾಕ ಬಂದಿ ಹೌದಿಲ್ಲೊ? ಈಗ ಜಾಗ ಆತೇನು ಗಾಡ್ಯಾಗ?”

ಚುಚ್ಚಲೆಂದು ಕೇಳಿದ ಮಾತಲ್ಲ ಅದು. ನಾನು ಹೂಂ ಅಂದೆ. ಹೇಗೆ ಜಾಗವಾಯಿತು ಎಂದು ಹೇಳಲಾಗಲಿಲ್ಲ.

ಡಿಕ್ಕಿ ತೆರೆದೆ. ಸಜ್ಜಿ, ನವಣಿ ಹಾರಿ ಇಳಿದವು. ಮೂವರೂ ಮೂಸಿಕೊಂಡು, ಗಿರಗಿರನೆ ಸುತ್ತಿ ಆಡಿದರು. ಆಮೇಲೆ ಕುಸುಬಿ ಅವರನ್ನು ಬಿಟ್ಟು ಕಾರಿನ ಹತ್ತಿರ ಬಂದ. ಮುಂಗಾಲು ಒಳಗಿಟ್ಟು ಹಾಸಿಗೆಯನ್ನು ಮೂಸಿದ, ಬಲಮೂಲೆಯಲ್ಲಿ ಬಹಳ ಹೊತ್ತು. ತಾಯಿ ನಿಲ್ಲುತ್ತಿದ್ದ ಜಾಗ. ಮುಂದಿನ ಸೀಟಿನ ಕಡೆ ಇಣುಕಿದ. ಇಳಿದು ಕಾರಿನ ಸುತ್ತ ಒಂದು ಸುತ್ತು ಬಂದ, ಗಾಲಿಗಳ ನಡುವೆ ಬಗ್ಗಿ ನೋಡಿದ, ಮತ್ತೆ ಹೋಗಿ ಅದೇ ಮೂಲೆಯನ್ನು ಮೂಸಿದ. ಆಮೇಲೆ ನನ್ನೆದುರು ಬಂದು ನಿಂತ.

“ಹತ್ತು ಅನ್ನು, ಹತ್ತತಾನ,” ಅಂದ ಮುತ್ಯಾ, ಕಬ್ಬಿನ ಕಡೆ ಮುಖ ಮಾಡಿ. “ಮಾತ ಮೀರಂಗಿಲ್ಲ ಅಂವ. ನನಗೂ ಹಂಗ ಇದ್ದಾನ.”

ನನಗೂ ಗೊತ್ತಿತ್ತು, ಹತ್ತುತ್ತಾನೆಂದು. ಒಂದು ಸಲ ಆ ಗುಣವನ್ನೇ ಹಿಡಿದು ಅವನನ್ನು ಬಿಟ್ಟು ಹೋಗಿದ್ದೆ. ಈಗ ಅವನು ಹುಡುಕುತ್ತಿದ್ದುದು ನನ್ನ ಕಾರಿನಲ್ಲಿರಲಿಲ್ಲ. ಅವನ ಕತ್ತು ಸವರುತ್ತ ಕುಳಿತುಬಿಟ್ಟೆ.

“ಇಲ್ಲೇ ಇರ್ಲಿ ಮುತ್ಯಾ,” ಅಂದೆ.

ಮುತ್ಯಾ ಬೀಡಿಯನ್ನು ಮಣ್ಣಿಗೆ ಒತ್ತಿದ. “ಖರೇನ? ಮತ್ತ ಮನಸ ತಿರಗಿಸಬ್ಯಾಡ. ಅದಕ್ಕ ತ್ರಾಸ ಆಕ್ಕೈತಿ.”

“ಖರೇ.”

ಹೊರಡುವ ಮುಂಚೆ ಏನಾದರೂ ಹೇಳಬೇಕು, ನನ್ನದೆಂದು ಏನಾದರೂ ಬಿಟ್ಟು ಹೋಗಬೇಕು ಅನ್ನಿಸಿತು. “ಮುತ್ಯಾ, ಚಳಿಗಾಲದಾಗ ಅವನ ಕಿವಿ ತುದಿ ಒಡೀತಾವ. ಕೊಬ್ಬರಿ ಎಣ್ಣಿ ಹಚ್ಚಬೇಕಾಕ್ಕೈತಿ.”

ಮುತ್ಯಾ ಕುಸುಬಿಯನ್ನು ಹತ್ತಿರ ಕರೆದು, ಕಿವಿಯನ್ನು ಬಿಸಿಲಿಗೆ ಹಿಡಿದು ತೋರಿಸಿದ. ತುದಿ ಎಣ್ಣೆಯಿಂದ ಮಿರುಗುತ್ತಿತ್ತು.

“ದಿನಾ ಹಚ್ಚತೇನಿ ತಂಗಿ,” ಅಂದ.